ಇಂಗ್ಲೆಂಡಿನ ಮಕ್ಕಳ ರಕ್ಷಣೆ: ಮೇಲ್ವಿಚಾರಣೆಯು ಲೆಕ್ಕ ತಪಾಸಣೆಯಾದ ಬಗೆ

ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿಯೆ 2000ದ ಫೆಬ್ರವರಿ 25ರಂದು ಲಂಡನ್ನಿನಲ್ಲಿ ಸತ್ತಳು. ಐವರಿ ಕೋಸ್ಟ್‌ನಿಂದ ಕರೆತಂದಿದ್ದ ಬಂಧುವೂ ಆಕೆಯ ಸಂಗಾತಿಯೂ ಸೇರಿ ಹಿಂಸಿಸಿ ಕೊಂದಿದ್ದರು. ಮೈಮೇಲೆ 128 ಗಾಯದ ಗುರುತುಗಳಿದ್ದವು. ಲಂಡನ್ನಿನ ಹ್ಯಾರಿಂಗೇ ಸ್ಥಳೀಯ ಆಡಳಿತದ ಸಮಾಜಸೇವಾ ವಿಭಾಗ ಅವಳ ಕಡತವನ್ನು ಮುಕ್ತಾಯಗೊಳಿಸಿದ್ದೂ ಅದೇ ದಿನ. ಮಗುವನ್ನು ಉಳಿಸಬಹುದಾಗಿದ್ದ ಕನಿಷ್ಠ 12 ಸಂದರ್ಭಗಳು ಕೈತಪ್ಪಿದ್ದವೆಂದು 2003ರ ಲಾರ್ಡ್ ಲೇಮಿಂಗ್ ವಿಚಾರಣಾ ವರದಿ ತೋರಿಸಿತು. ಕೆಳಹಂತದ ನೌಕರರ ಲೋಪಗಳನ್ನು ಅದು ಮುಚ್ಚಿಡಲಿಲ್ಲ. ಆದರೆ ತಮ್ಮ ಕಚೇರಿಯಲ್ಲಿ ಏನು ನಡೆಯುತ್ತಿದೆ ಎಂಬುದು ತಮಗೆ ತಿಳಿದಿರಲಿಲ್ಲ ಎಂದು ಜಾರಿಕೊಂಡ ಹಿರಿಯ ಅಧಿಕಾರಿಗಳನ್ನೇ ಹೆಚ್ಚು ಕಟುವಾಗಿ ಟೀಕಿಸಿತು. ಈ ರೋಗನಿದಾನ ಸರಿಯಾಗಿತ್ತು. ಕೊಟ್ಟ ಮದ್ದು ಮಾತ್ರ ರೋಗವನ್ನೇ ಬೆಳೆಸಿತೆಂಬುದು ನನ್ನ ವಾದ.

ಹಿರಿಯರಿಗೆ ಎಲ್ಲವೂ ತಿಳಿದಿರಬೇಕೆಂಬ ಒತ್ತಾಯವನ್ನು ಆಡಳಿತ ಅಂಕಿಗಳ ಮೂಲಕ ಪೂರೈಸಿತು. ಪ್ರಾಥಮಿಕ ಪರಿಶೀಲನೆಗೆ 7 ಕೆಲಸದ ದಿನ, ಸಮಗ್ರ ಪರಿಶೀಲನೆಗೆ 35 ದಿನ ಎಂಬ ಗಡುವುಗಳು ಮೊದಲೇ ಇದ್ದವು. ಈಗ ಅವು ಕಂಪ್ಯೂಟರ್ ವ್ಯವಸ್ಥೆಯೊಳಗೆ ಸೇರಿ, ತಂಡದ ಯೋಗ್ಯತೆಯನ್ನು ಅಳೆಯುವ ಮಾನದಂಡಗಳಾದವು. ಮೇಲ್ವಿಚಾರಣಾ ಸಭೆಯ ಸ್ವರೂಪವೇ ಇದರಿಂದ ಬದಲಾಯಿತು. ಮನೆಯೊಳಗೆ ಏನು ಕಂಡಿತು, ತಾಯಿಯ ಮಾತನ್ನು ಏಕೆ ನಂಬಿದಿರಿ, ಮಗುವಿನೊಂದಿಗೆ ಒಂಟಿಯಾಗಿ ಮಾತನಾಡಿದಿರಾ ಎಂದು ಕೇಳಬೇಕಾದ ಅಧಿಕಾರಿ, ನಮೂನೆ ಭರ್ತಿಯಾಯಿತೇ ಎಂದು ಕೇಳತೊಡಗಿದ. ಅದೇ ಹ್ಯಾರಿಂಗೇಯಲ್ಲಿ 2007ರ ಆಗಸ್ಟ್ 3ರಂದು 17 ತಿಂಗಳ ಪೀಟರ್ ಕಾನೆಲಿ ಸತ್ತ. ಎಂಟು ತಿಂಗಳಲ್ಲಿ ವಿವಿಧ ಇಲಾಖೆಗಳ ಸಿಬ್ಬಂದಿ ಅವನನ್ನು ಸುಮಾರು 60 ಬಾರಿ ಕಂಡಿದ್ದರು. ಸಾವಿಗೆ ನಾಲ್ಕು ದಿನ ಮೊದಲು ನಡೆದ ಮನೆಭೇಟಿಯಲ್ಲಿ ಮಗುವಿನ ಮುಖಕ್ಕೂ ಕೈಗಳಿಗೂ ಚಾಕೊಲೇಟ್ ಮೆತ್ತಿತ್ತು. ಅದರಡಿಯ ಗಾಯಗಳು ಕಾಣಲಿಲ್ಲ. ದಾಖಲೆಯ ಲೆಕ್ಕದಲ್ಲಿ ಅದು ನಡೆದ ಭೇಟಿಯೇ! ಆ ವರ್ಷದ ಕೊನೆಯಲ್ಲಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಹ್ಯಾರಿಂಗೇಯ ಮಕ್ಕಳ ಸೇವೆಯನ್ನು ‘ಉತ್ತಮ’ ಎಂದಿತು. ಪ್ರಕರಣ ಬಯಲಾಗಿ ಜನ ರೊಚ್ಚಿಗೆದ್ದ ಮೇಲೆ, 2008ರ ಡಿಸೆಂಬರಿನಲ್ಲಿ, ಅದೇ ಸಂಸ್ಥೆ ಅದೇ ಸೇವೆಯನ್ನು ಅಸಮರ್ಪಕವೆಂದು ಘೋಷಿಸಿತು.

ಗಡುವಿಲ್ಲದಿದ್ದರೆ ವಿಳಂಬಕ್ಕೆ ಕೊನೆಯೆಲ್ಲಿ ಎಂಬ ಆಕ್ಷೇಪ ಹಗುರವಾದುದಲ್ಲ. ಹೊಡೆತ ತಿನ್ನುತ್ತಿರುವ ಮಗುವಿಗೆ ಒಂದು ವಾರವೂ ದೀರ್ಘ. ಆದರೆ ಗಡುವು ಕೆಲಸ ಮುಗಿದದ್ದನ್ನು ಹೇಳಬಲ್ಲದು, ಅದರ ಗುಣವನ್ನಲ್ಲ. ಗುಣವನ್ನು ತಿಳಿಯಲು ಅನುಭವಿಯೊಬ್ಬ ಕುಳಿತು ಪ್ರಶ್ನಿಸಬೇಕು. ತಪ್ಪು ಮಾಡಿದವರನ್ನು ವಜಾ ಮಾಡಿದರೆ ಸಾಕೆಂಬ ಇನ್ನೊಂದು ಮಾತಿದೆ. ಪೀಟರ್ ಪ್ರಕರಣದಲ್ಲಿ ಹಾಗೆಯೇ ಆಯಿತು. ಆದರೆ ಹ್ಯಾರಿಂಗೇಯ ಮಕ್ಕಳ ಸೇವಾ ನಿರ್ದೇಶಕಿಯನ್ನು ತೆಗೆದುಹಾಕಿದ ರೀತಿ ನ್ಯಾಯಸಮ್ಮತವಲ್ಲವೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಶಿಕ್ಷೆಯ ಭಯ ಹೆಚ್ಚಿದಷ್ಟೂ ನೌಕರ ತನ್ನ ಅನುಮಾನವನ್ನು ಬಾಯಿಬಿಟ್ಟು ಹೇಳುವ ಬದಲು ಕಡತವನ್ನು ಭದ್ರಪಡಿಸಿಕೊಳ್ಳುತ್ತಾನೆ. ಮಕ್ಕಳಿಗೆ ಇದಕ್ಕಿಂತ ಅಪಾಯ ಬೇರಿಲ್ಲ.

ಪ್ರಾಧ್ಯಾಪಕಿ ಐಲೀನ್ ಮನ್ರೋ ಮಕ್ಕಳ ರಕ್ಷಣೆ ಕುರಿತ 2011ರ ಮೇ ತಿಂಗಳ ತಮ್ಮ ವರದಿಯಲ್ಲಿ ಈ ಗಡುವುಗಳನ್ನು ತೆಗೆದು ವೃತ್ತಿವಿವೇಕಕ್ಕೆ ಜಾಗ ಬಿಡಬೇಕೆಂದರು. ಸರ್ಕಾರದ 2013ರ ಮಾರ್ಗಸೂಚಿ ಎರಡು ಪರಿಶೀಲನೆಗಳನ್ನು ಒಂದಾಗಿಸಿ, ಅದಕ್ಕೆ ಗರಿಷ್ಠ 45 ಕೆಲಸದ ದಿನ ಎಂದು ಮತ್ತೆ ಮಿತಿ ಹಾಕಿತು. ಅರ್ಧ ಸುಧಾರಣೆಯಿದು. ಅದು ಪೂರ್ಣವಾಗಬೇಕಾದರೆ, ಮೇಲ್ವಿಚಾರಣಾ ಸಭೆಯಲ್ಲಿ ಮಗುವಿನ ಬಗ್ಗೆ ಏನೇನು ಚರ್ಚೆಯಾಯಿತೆಂಬ ಟಿಪ್ಪಣಿಯನ್ನು ತಪಾಸಕರು ಅಂಕಿಪಟ್ಟಿಗಿಂತ ಮೊದಲು ತೆರೆದು ಓದಬೇಕು.