ಲಾಂಗ್‌ವೈಲ್‌ನ ಪ್ರಾಗ್ ಮಾದರಿ: ಅಳತೆ ಮತ್ತು ಕಾಲನಿರ್ಣಯ

1. ಆಕರ
ಪ್ರಾಗ್ ನಗರ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಆವರಣದೊಳಗಿರುವ ರಟ್ಟಿನ ನಗರ ಮಾದರಿ ಆಂಟೊನಿನ್ ಲಾಂಗ್‌ವೈಲ್ (1791–1837) ಒಬ್ಬನೇ ಕೈಯಾರೆ ಮಾಡಿದ್ದು. ಈತ ಮೊದಲು ಶಿಲಾಮುದ್ರಕ. ಅನಂತರ ಕ್ಲೆಮೆಂಟಿನಮ್‌ನ ವಿಶ್ವವಿದ್ಯಾಲಯ ಗ್ರಂಥಾಲಯದಲ್ಲಿ ಕೆಳದರ್ಜೆಯ ನೌಕರ. 1826ರಲ್ಲಿ ಪ್ರಾಗ್‌ನಲ್ಲಿ ಪ್ರದರ್ಶನಗೊಂಡ ಪ್ಯಾರಿಸ್‌ನ ಗಾರೆ ಮಾದರಿಯೇ ಪ್ರೇರಣೆಯೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಕೆಲಸ ಆತನ ಮರಣದವರೆಗೂ ನಡೆದು ಅಪೂರ್ಣವಾಗಿ ಉಳಿಯಿತು. 1840ರಲ್ಲಿ ಚಕ್ರವರ್ತಿ ಫರ್ಡಿನಾಂಡ್ ಅದನ್ನು ಕೊಂಡು ಬೊಹೆಮಿಯಾದ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು.

2. ಅಳತೆ
ಪ್ರಮಾಣ 1:480, ಅಂದರೆ ಅಂಗುಲಕ್ಕೆ 40 ಅಡಿ. ಅಂದಿನ ಆಸ್ಟ್ರಿಯಾದ ಕಂದಾಯ ಭೂಮಾಪನ ನಕ್ಷೆಗಳ ರೂಢಿಯ ಪ್ರಮಾಣ 1:2880. ಮಾದರಿಯದು ಅದರ ಕರಾರುವಾಕ್ಕಾಗಿ ಆರು ಪಟ್ಟು. ಲಾಂಗ್‌ವೈಲ್ ಭೂಮಾಪಕರ ಪದ್ಧತಿಯನ್ನು ಅನುಸರಿಸಿರಬಹುದು, ಆದರೆ ಲೆಕ್ಕದ ಹೊಂದಾಣಿಕೆಯೊಂದರಿಂದಲೇ ಅದು ಸಿದ್ಧವಾಗದು. ವಿಸ್ತೀರ್ಣವನ್ನು 20 ಚದರ ಮೀಟರ್ ಎಂದು ಹೇಳುವ ವಾಡಿಕೆಯಿದೆ. ಪ್ರಚಲಿತವಿರುವ 5.76 × 3.24 ಮೀಟರ್ ಅಳತೆಗಳನ್ನು ಗುಣಿಸಿದರೆ ಸಿಗುವುದು 18.66. ಆದ್ದರಿಂದ 20 ಎಂಬುದು ದುಂಡಾಗಿಸಿದ ಅಂಕಿಯೆಂದು ತೋರುತ್ತದೆ. ನೆಲದ ಮೇಲೆ ಇದು ಸುಮಾರು 2765 × 1555 ಮೀಟರ್ ಚೌಕಟ್ಟು. ಅದರೊಳಗೆ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳಿವೆ.

3. ಕಾಲ
ಮಾದರಿಯನ್ನು ‘1830ರ ಪ್ರಾಗ್’ ಎಂದು ಉಲ್ಲೇಖಿಸುವುದು ಸಡಿಲವಾದ ಬಳಕೆ. ಹನ್ನೊಂದು ವರ್ಷ ಭಾಗಭಾಗವಾಗಿ ನಡೆದ ಕೆಲಸದಲ್ಲಿ ಒಂದು ಬೀದಿ 1827ರ ಸ್ಥಿತಿಯನ್ನೂ ಮತ್ತೊಂದು 1835ರ ಸ್ಥಿತಿಯನ್ನೂ ತೋರಿಸುತ್ತಿರಬಹುದು. ಇಡೀ ಮಾದರಿಗೆ ಅನ್ವಯಿಸುವ ಕೆಳಗಡು 1837 ಮಾತ್ರ. ಇದನ್ನು ಒಳಗಿನ ಸಾಕ್ಷ್ಯವೂ ಸಮರ್ಥಿಸುತ್ತದೆ. ಹಳೆಯ ಪುರಭವನಕ್ಕೆ 1838ರಿಂದ ಕಟ್ಟಲಾದ, 1945ರಲ್ಲಿ ಸುಟ್ಟುಹೋದ ನವಗೋಥಿಕ್ ಪಾರ್ಶ್ವ ಇಲ್ಲಿಲ್ಲ. 1841ರಲ್ಲಿ ತೆರೆದ ಸರಪಳಿ ಸೇತುವೆಯೂ ಇಲ್ಲ. 1929ರಲ್ಲಿ ಪೂರ್ಣಗೊಂಡ ಸಂತ ವಿಟಸ್ ಮಹಾದೇವಾಲಯಕ್ಕೆ ಇನ್ನೂ ಪಶ್ಚಿಮ ಭಾಗವಿಲ್ಲ. ಇಂಥ ಸಾಕ್ಷ್ಯ ದೊಡ್ಡ ಕಟ್ಟಡಗಳಿಗೆ ದೊರಕುತ್ತದೆ. ಸಾಮಾನ್ಯ ಮನೆಗಳ ಕಾಲವನ್ನು ಒಂದೊಂದಾಗಿಯೇ ಪರಿಶೀಲಿಸಬೇಕು.

4. ಸಾಕ್ಷ್ಯಮೌಲ್ಯ
ಯೆಹೂದಿ ಕೇರಿಯಾದ ಯೋಸೆಫೊವ್‌ನ ವಿಷಯದಲ್ಲಿ ಮಾದರಿಯ ಮೌಲ್ಯ ಅತ್ಯಧಿಕ. 1893ರ ನೈರ್ಮಲ್ಯ ಕಾಯಿದೆಯ ಅನ್ವಯ ಅಲ್ಲಿನ ಮನೆಗಳು ಬಹುತೇಕ ನೆಲಸಮವಾದವು; ಆರು ಸಿನಗಾಗ್‌ಗಳು, ಯೆಹೂದಿ ಪುರಭವನ ಮತ್ತು ಹಳೆಯ ಸ್ಮಶಾನ ಉಳಿದವು. ಲಾಂಗ್‌ವೈಲ್ ಮುಂಭಾಗಗಳ ಬಣ್ಣವನ್ನಷ್ಟೇ ಅಲ್ಲದೆ ಹಿತ್ತಲ ಸೌದೆಯ ರಾಶಿಯನ್ನೂ ಒಡೆದ ಕಿಟಕಿಯನ್ನೂ ಬಿಟ್ಟಿಲ್ಲ. ಚಂದಗಾಣಿಸುವ ಉದ್ದೇಶ ಆತನಿಗಿರಲಿಲ್ಲವೆಂದು ಊಹಿಸಲು ಇದು ಆಸ್ಪದ ಕೊಡುತ್ತದೆ. ಪ್ರತಿಯೊಂದು ವಿವರವೂ ನಿಖರವೆಂದು ಮಾತ್ರ ಇದರಿಂದ ಸಾಧಿತವಾಗದು.

5. ವೀಕ್ಷಣೆ
ಗಾಜಿನ ಅಂಚಿನಲ್ಲಿ ನಿಂತ ವೀಕ್ಷಕನಿಗೆ ಛಾವಣಿಗಳು ಚೆನ್ನಾಗಿ ಕಾಣುತ್ತವೆ. ನಡುಭಾಗದ ಒಳಾಂಗಳಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಹಿತ್ತಲುಗಳ ಅಧ್ಯಯನಕ್ಕೆ 2006–2009ರ ಅವಧಿಯಲ್ಲಿ ಸಿದ್ಧವಾದ ಡಿಜಿಟಲ್ ರೂಪವೇ ಹೆಚ್ಚು ಅನುಕೂಲ. ವಲ್ಟಾವ ನದಿಯ ಬಲದಂಡೆಯ ನ್ಯೂ ಟೌನ್ ಬಹುತೇಕ ಮಾದರಿಯಲ್ಲಿ ಸೇರಿಲ್ಲ. ಆ ಭಾಗಕ್ಕೆ ಇದನ್ನು ಆಕರವಾಗಿ ಬಳಸಲಾಗದು.