ಬುಟ್ಟಿಯಾದ ಬಳ್ಳಿ

ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ ದ್ರಾಕ್ಷಿಯ ಕತೆಯನ್ನು ಎಲ್ಲರೂ ಅಲ್ಲಿನ ಜ್ವಾಲಾಮುಖಿಯಿಂದಲೇ ಶುರುಮಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ರೈತರ ಕೈ. ಸುಡುಬಿಸಿಲಲ್ಲೂ ಈ ಬಿಳಿ ದ್ರಾಕ್ಷಿ ಹುಳಿ ಕಳೆದುಕೊಳ್ಳುವುದಿಲ್ಲ, ನಿಜ. ಅದು ತಳಿಯ ಗುಣ. ಆದರೆ ಸಮುದ್ರದ ಬಿರುಗಾಳಿಗೆ ಗೊಂಚಲು ಉಳಿಯಬೇಕಲ್ಲ? ಅದಕ್ಕೇ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ, ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತುತ್ತಾರೆ. ಹಣ್ಣು ಒಳಗೆ, ನೆರಳಲ್ಲಿ. ಇದಕ್ಕೆ ಅವರು ‘ಕುಲೂರ’ ಎನ್ನುತ್ತಾರೆ. ದಶಕಗಳು ಕಳೆದು ಫಸಲು ಇಳಿದಾಗ ಬುಟ್ಟಿಯನ್ನು ಕತ್ತರಿಸಿ, ಅದೇ ಬೇರಿನಿಂದ ಹೊಸ ಚಿಗುರು ಎಬ್ಬಿಸುತ್ತಾರೆ. ಹಾಗಾಗಿ ಬಳ್ಳಿಯ ವಯಸ್ಸನ್ನು ಕಾಂಡ ನೋಡಿ ಹೇಳುವಂತಿಲ್ಲ.

19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿತೋಟಗಳನ್ನು ನುಂಗಿದ ಫಿಲಾಕ್ಸೆರ ಕೀಟಕ್ಕೆ ಜೇಡಿಯಿಲ್ಲದ ಇಲ್ಲಿನ ಮಣ್ಣು ಒಗ್ಗಲಿಲ್ಲ. ಬೇರೆ ಬೇರಿಗೆ ಕಸಿ ಕಟ್ಟುವ ಅಗತ್ಯವೂ ಬರಲಿಲ್ಲ. ಬಿಸಿಲಿಗೆ ಒಣಗಿಸಿದ ಹಣ್ಣಿನ ಸಿಹಿ ವೈನ್ ‘ವಿನ್ಸಾಂಟೊ’ ಒಂದು ಕಾಲಕ್ಕೆ ರಷ್ಯಾದವರೆಗೆ ಹೋಗುತ್ತಿತ್ತು.

1956ರ ಭೂಕಂಪದ ನಂತರ ಅನೇಕರು ದ್ವೀಪವನ್ನೇ ಬಿಟ್ಟರು. ಈಗ ಬಿಸಿಲು ತಡೆಯುವ ತಳಿಯೆಂದು ಇದಕ್ಕೆ ಹೊರಗೆ ಬೇಡಿಕೆ; 2012ರಲ್ಲಿ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲೂ ನೆಟ್ಟರು. ಹುಟ್ಟೂರಿನಲ್ಲಿ ಮಾತ್ರ ಹೋಟೆಲುಗಳು ತೋಟದ ಜಾಗ ತಿನ್ನುತ್ತಿವೆ. ಬೆನ್ನು ಬಗ್ಗಿಸಿ ಬುಟ್ಟಿ ಸುತ್ತುವವರೂ ಕಡಿಮೆಯಾಗುತ್ತಿದ್ದಾರೆ.