ಶರಾವತಿ ತೀರದ ನಗರಬಸ್ತಿಕೇರಿ

ಹೊನ್ನಾವರದ ಅಳಿವೆಯಿಂದ ಶರಾವತಿ ನದಿಯ ಗುಂಟ ಮೂಡಣಕ್ಕೆ ಸಾಗಿದರೆ ಘಟ್ಟದ ಬುಡದಲ್ಲಿ ಗೇರುಸೊಪ್ಪೆ ದೊರೆಯುತ್ತದೆ. ಕಡಲಿನಿಂದ ಬಂದ ದೋಣಿಗಳು ಇಲ್ಲಿಂದ ಮುಂದಕ್ಕೆ ಹೋಗಲಾರವು. ಆದುದರಿಂದ ಮಲೆನಾಡಿನ ಕಾಳುಮೆಣಸು ಎತ್ತಿನ ಬೆನ್ನಿನಿಂದ ಇಳಿದು ದೋಣಿಯನ್ನೇರುತ್ತಿದ್ದುದು ಈ ಪ್ರದೇಶದಲ್ಲಿಯೇ. ನಗಿರೆಯ ಸಾಳುವ ಅರಸರ ರಾಜಧಾನಿಯಾಗಿದ್ದ ಆ ಪಟ್ಟಣದ ಅವಶೇಷಗಳಿರುವ ಸ್ಥಳವನ್ನು ಇಂದು ನಗರಬಸ್ತಿಕೇರಿ ಎಂದು ಕರೆಯುತ್ತಾರೆ. ಕಣ್ಣಿಗೆ ಕಡಲು ಕಾಣದಿದ್ದರೂ ಕಡಲ ವ್ಯಾಪಾರದಿಂದಲೇ ಬೆಳೆದ ಕೇರಿಯಿದು.

16ನೆಯ ಶತಮಾನದಲ್ಲಿ ಆ ವ್ಯಾಪಾರವು ಪೋರ್ಚುಗೀಸರ ಕಣ್ಣಿಗೆ ಬಿದ್ದಿತು. 1505ರಲ್ಲಿ ಅವರ ನೌಕಾಪಡೆ ಹೊನ್ನಾವರದ ಹಡಗುಗಳನ್ನು ಸುಟ್ಟಿತು. 1569ರಲ್ಲಿ ಅಲ್ಲಿಯ ಕೋಟೆಯನ್ನೇ ವಶಪಡಿಸಿಕೊಂಡಿತು. ಅಂತಹ ಕಾಲದಲ್ಲಿ ದೀರ್ಘಕಾಲ ರಾಜ್ಯವಾಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. 1606ರ ಸುಮಾರಿಗೆ ಕೆಳದಿಯ ವೆಂಕಟಪ್ಪನಾಯಕನು ಈ ರಾಜ್ಯವನ್ನು ಗೆದ್ದುಕೊಂಡನು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಬಂದಾಗ ನದಿಯ ಚೆಲುವನ್ನು ಬಾಯ್ತುಂಬ ಹೊಗಳಿದನು. ಆದರೆ ಪಟ್ಟಣವಿದ್ದೆಡೆಯಲ್ಲಿ ಅವನು ಕಂಡುದು ಪಾಳುಬಿದ್ದ ಅರಮನೆ, ಬೆಳೆದ ಮರಗಳು, ಕೆಲವು ಗುಡಿಸಲುಗಳು. ಅಷ್ಟೊಂದು ಸಂಪತ್ತು ಮರೆಯಾಗಲು ಎರಡು ದಶಕಗಳೂ ಬೇಕಾಗಲಿಲ್ಲ.

ಉಳಿದುದೇನು? ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿ. ಅದರ ಗರ್ಭಗೃಹದಲ್ಲಿ ದಿಕ್ಕಿಗೊಬ್ಬರಂತೆ ಕುಳಿತ ತೀರ್ಥಂಕರರು. ಸಮೀಪದಲ್ಲಿ ನೇಮಿನಾಥ, ಪಾರ್ಶ್ವನಾಥ ಬಸದಿಗಳು. ಸುಮಾರು 1560ರ ಶಾಸನವೊಂದು ಇಲ್ಲಿಯ ವರ್ತಕ ಅಂಬವಣಶ್ರೇಷ್ಠಿಯನ್ನು ನೆನೆಯುತ್ತದೆ. ತನ್ನ ವಂಶದ ಯೋಜನಶ್ರೇಷ್ಠಿ ಕಟ್ಟಿಸಿದ್ದ ನೇಮೀಶ್ವರ ಚೈತ್ಯಾಲಯದ ಮುಂದೆ ಆತನು ಪತ್ನಿಯೊಡಗೂಡಿ ಕಂಚಿನ ಮಾನಸ್ತಂಭವನ್ನು ಮಾಡಿಸಿದನು. ಆತನ ಅಂಗಡಿ ಎಲ್ಲಿತ್ತು, ಎಷ್ಟು ಮೆಣಸು ಮಾರಿದನು ಎಂಬುದನ್ನು ಶಾಸನ ಹೇಳುವುದಿಲ್ಲ. ಕೊಟ್ಟುದನ್ನು ಮಾತ್ರ ಹೇಳುತ್ತದೆ.

ಇಂತಹ ಸ್ಥಳದ ದರ್ಶನಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಹೊನ್ನಾವರಕ್ಕೆ ಕೊಂಕಣ ರೈಲ್ವೆಯ ಸೌಕರ್ಯವಿದೆ. ಸಾಗರದ ಕಡೆಗೆ ಹೋಗುವ ಸಾಮಾನ್ಯ ಬಸ್ಸಿನಲ್ಲಿ ಗೇರುಸೊಪ್ಪೆಯಲ್ಲಿ ಇಳಿಯಬಹುದು. ಅಲ್ಲಿಂದ ಹೊಳೆ ದಾಟಿ ಕಾಡುದಾರಿ ಹಿಡಿಯಬೇಕು. ನಡೆಯಬಲ್ಲವರು ನಡೆಯಲಿ, ವೃದ್ಧರಿಗಾಗಿ ಬಾಡಿಗೆಯ ಆಟೋ ಹಿಡಿದರೆ ಅದು ದುಂದುವೆಚ್ಚವಲ್ಲ. ಮನೆಯ ಬುತ್ತಿ, ಸೋಸಿದ ನೀರು ಜೊತೆಗಿದ್ದರೆ ಹೋಟೆಲನ್ನು ಹುಡುಕುವ ಅಗತ್ಯವಿಲ್ಲ. ಬೆಳಗ್ಗೆ ಬೇಗ ಹೊರಟರೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ಹೊನ್ನಾವರಕ್ಕೆ ಮರಳಬಹುದು. ಮಳೆಗಾಲದಲ್ಲಿ ಮಾತ್ರ ಹೋಗದಿರುವುದು ಲೇಸು. ಆಗ ದಾರಿಯಲ್ಲಿ ಉಂಬಳಗಳೂ ಸಣ್ಣ ಜೀವಿಗಳೂ ತುಂಬಿರುತ್ತವೆ. ಮುನಿಗಳು ಚಾತುರ್ಮಾಸದಲ್ಲಿ ಸಂಚಾರ ನಿಲ್ಲಿಸುವ ಕಾರಣವೇ ಶ್ರಾವಕರಿಗೂ ಇಲ್ಲಿ ಅನ್ವಯಿಸುತ್ತದೆ.

ಯಾತ್ರೆಗಳನ್ನು ಏರ್ಪಡಿಸುವ ಬಸದಿಯ ಆಡಳಿತ ಮಂಡಲಿಗಳು ಒಂದು ಲೆಕ್ಕವನ್ನು ನೋಡಬೇಕು. ಐಷಾರಾಮಿ ವಾಹನ, ಬ್ಯಾನರು, ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ತಗಲುವ ವೆಚ್ಚವೆಷ್ಟು? ಒಂದೇ ದಿನದಲ್ಲಿ ಹತ್ತು ಕ್ಷೇತ್ರಗಳನ್ನು ಮುಗಿಸುವ ಅವಸರದಲ್ಲಿ ಯಾತ್ರಿಕರು ನಿಜವಾಗಿ ಕಂಡುದೆಷ್ಟು? ಪರಿಗ್ರಹ ಪರಿಮಾಣವು ಮನೆಯ ಪೆಟ್ಟಿಗೆಗೆ ಮಾತ್ರ ಸಂಬಂಧಿಸಿದ ವ್ರತವಲ್ಲ. ಯಾತ್ರೆಗೂ ಅದು ಸಲ್ಲುತ್ತದೆ. ಭಕ್ತಿಯ ಹೆಸರಿನಲ್ಲಿ ಹಳೆಯ ಕಲ್ಲಿಗೆ ಬಣ್ಣ ಬಳಿಯುವುದು, ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಹಚ್ಚುವುದು ಸಂರಕ್ಷಿತ ಸ್ಮಾರಕಕ್ಕೆ ಎಸಗುವ ಅಪಚಾರ. ಅದರ ಬದಲು ಉಳಿಸಿದ ಹಣದಲ್ಲಿ ಇಲ್ಲಿಯ ಶಾಸನಗಳ ತಾತ್ಪರ್ಯವನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಯಾತ್ರೆಗೆ ಬರುವ ಮಕ್ಕಳ ಕೈಗಿತ್ತರೆ ಅದು ಶಾಸ್ತ್ರದಾನವಾಗುತ್ತದೆ.

ಬಸದಿಯ ನಾಲ್ಕು ಬಾಗಿಲುಗಳಲ್ಲಿಯೂ ಒಂದೊಂದು ಗಳಿಗೆ ಕುಳಿತು ಆ ಮಕ್ಕಳು ಅಂಬವಣಶ್ರೇಷ್ಠಿಯ ಕಥೆಯನ್ನು ಓದಲಿ. ಅನಂತರ ಹೊಳೆಯ ದಂಡೆಗೆ ಇಳಿದು, ಮೆಣಸಿನ ದೋಣಿಗಳು ಯಾವ ದಿಕ್ಕಿಗೆ ಹೋಗುತ್ತಿದ್ದವೆಂದು ಹಿರಿಯರನ್ನು ಕೇಳಲಿ.